ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಡುವ ಲಕ್ಷಣಗಳು ಹಾಗೂ ಕೈಗೊಳ್ಳಬೇಕಾದ ಕ್ರಮಗಳು: ಅರ್ಜಿದಾರರಿಗೆ ಮಾಹಿತಿ

1. ಉದ್ದೇಶ

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಖರೀದಿ ಪತ್ರ, ಉತಾರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ತೆರಿಗೆ ರಸೀದಿ ಮೊದಲಾದವುಗಳನ್ನು ಸ್ಕ್ಯಾನ್ ಮಾಡಿಸಿ ಮನೆಯ ಗಣಕಯಂತ್ರದಲ್ಲಿ ಸಂಗ್ರಹಿಸಿಡುವುದು ರೂಢಿಯಾಗಿದೆ. ಬೈರಿದೇವರಕೊಪ್ಪ, ಉಣಕಲ್, ನವನಗರ, ಅಮರಗೋಳ ಮುಂತಾದ ಬಡಾವಣೆಗಳಲ್ಲಿ ಜೆರಾಕ್ಸ್ ಅಂಗಡಿ ಹಾಗೂ ಸೈಬರ್ ಕೇಂದ್ರ ನಡೆಸುವವರ ಗಣಕಯಂತ್ರಗಳಲ್ಲಿಯೂ ನೂರಾರು ಕುಟುಂಬಗಳ ದಾಖಲೆಗಳು ಇರುತ್ತವೆ. ಈ ಎಲ್ಲ ಮಾಹಿತಿ ಇರುವುದು ಅಂಗೈಯಷ್ಟು ಅಗಲದ ಒಂದು ಪೆಟ್ಟಿಗೆಯಲ್ಲಿ. ಅದೇ ಹಾರ್ಡ್ ಡಿಸ್ಕ್. ಅದು ಕೆಟ್ಟಾಗ ಯಂತ್ರದ ಬೆಲೆಗಿಂತ ಅದರೊಳಗಿನ ದಾಖಲೆಗಳ ನಷ್ಟವೇ ದೊಡ್ಡದಾಗುತ್ತದೆ. ಅರ್ಜಿ ಸಲ್ಲಿಸಲು ಕೊನೆಯ ದಿನ ಸಮೀಪಿಸಿರುವಾಗ ಹೀಗಾದಲ್ಲಿ ವಿದ್ಯಾರ್ಥಿವೇತನ, ನೇಮಕಾತಿ ಅಥವಾ ನಿವೇಶನದಂತಹ ಅವಕಾಶವೇ ಕೈತಪ್ಪಬಹುದು.

ಹಾರ್ಡ್ ಡಿಸ್ಕ್ ಕೆಡುವ ಮುನ್ಸೂಚನೆಗಳನ್ನು ಗುರುತಿಸುವುದು, ಕೆಡುತ್ತಿರುವ ಡಿಸ್ಕಿನಿಂದ ಮಾಹಿತಿಯನ್ನು ಉಳಿಸಿಕೊಳ್ಳುವುದು ಹಾಗೂ ಕಳೆದುಹೋದ ದಾಖಲೆಗಳನ್ನು ಮರಳಿ ಪಡೆಯುವುದು ಹೇಗೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ಕರ್ನಾಟಕದಲ್ಲಿ ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನಿರ್ವಹಿಸುತ್ತಿದ್ದ ಪಹಣಿಗಳನ್ನು 2000ರ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ಗಣಕೀಕರಣಗೊಳಿಸಲಾಯಿತು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಾಗದದಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡವು. ಧಾರವಾಡ ಸೀಮೆಯ ರೈತರು ಇಂದಿಗೂ 'ಉತಾರ' ಎಂದು ಕರೆಯುವುದು ಇದೇ ಪಹಣಿಯನ್ನು. ನಂತರದ ವರ್ಷಗಳಲ್ಲಿ ನೋಂದಣಿಗೆ 'ಕಾವೇರಿ', ಪ್ರಮಾಣಪತ್ರಗಳಿಗೆ ನಾಡಕಚೇರಿ, ವಿವಿಧ ಇಲಾಖೆಗಳ ಅರ್ಜಿಗಳಿಗೆ 'ಸೇವಾ ಸಿಂಧು' ವ್ಯವಸ್ಥೆಗಳು ಬಂದವು.

ಇಂತಹ ವ್ಯವಸ್ಥೆಗಳಲ್ಲಿ ಒಂದು ಡಿಸ್ಕ್ ಕೆಡುವುದು ನಿರೀಕ್ಷಿತ ಸಂಗತಿ. ಆದುದರಿಂದ ಒಂದೇ ಮಾಹಿತಿಯನ್ನು ಹಲವು ಡಿಸ್ಕ್‌ಗಳಲ್ಲಿ ಇರಿಸಿ, ಮೀಸಲು ಪ್ರತಿಯನ್ನು ಪ್ರತ್ಯೇಕವಾಗಿ ಕಾಯ್ದುಕೊಳ್ಳಲಾಗುತ್ತದೆ. ನಾಗರಿಕರ ಮನೆಯ ಗಣಕಯಂತ್ರಕ್ಕೆ ಸಾಮಾನ್ಯವಾಗಿ ಇಂತಹ ರಕ್ಷಣೆ ಇರುವುದಿಲ್ಲ. ಅಲ್ಲಿ ಪ್ರತಿ ಒಂದೇ, ಡಿಸ್ಕ್ ಸಹ ಒಂದೇ.

3. ಹಾರ್ಡ್ ಡಿಸ್ಕ್ ಕೆಲಸ ಮಾಡುವ ಬಗೆ

ಹಾರ್ಡ್ ಡಿಸ್ಕ್‌ನೊಳಗೆ ಕಾಂತೀಯ ಲೇಪನವುಳ್ಳ ನುಣುಪಾದ ತಟ್ಟೆಗಳಿದ್ದು, ಮನೆಬಳಕೆಯ ಡಿಸ್ಕ್‌ಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. 7200 ಸುತ್ತಿನ ಮೂರೂವರೆ ಇಂಚಿನ ಡಿಸ್ಕ್‌ನಲ್ಲಿ ತಟ್ಟೆಯ ಹೊರ ಅಂಚು ಗಂಟೆಗೆ 120 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಚಲಿಸುತ್ತಿರುತ್ತದೆ. ಮಾಹಿತಿಯನ್ನು ಓದುವ ಮತ್ತು ಬರೆಯುವ ಹೆಡ್ ಎಂಬ ಭಾಗವು ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಇರುವುದನ್ನು ನೆನೆದರೆ ಈ ಅಂತರ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ. ಹೆಡ್ ತಟ್ಟೆಗೆ ತಗುಲಿದರೆ ಲೇಪನ ಕೆರೆದುಹೋಗಿ, ಆ ಜಾಗದ ಮಾಹಿತಿ ಶಾಶ್ವತವಾಗಿ ನಾಶವಾಗುತ್ತದೆ.

ತಟ್ಟೆಯ ಮೇಲ್ಮೈಯನ್ನು ಸೆಕ್ಟರ್ ಎಂಬ ಸಣ್ಣ ಭಾಗಗಳಾಗಿ ವಿಂಗಡಿಸಲಾಗಿರುತ್ತದೆ. ಯಾವ ಕಡತ ಯಾವ ಸೆಕ್ಟರ್‌ಗಳಲ್ಲಿದೆ ಎಂಬ ಪಟ್ಟಿಯೊಂದು ಬೇರೆಯಾಗಿ ಇರುತ್ತದೆ. ಇದನ್ನು ಖಾತೆ ಪುಸ್ತಕದ ಮೊದಲಿನ ಪುಟಸೂಚಿಗೆ ಹೋಲಿಸಬಹುದು. ಸೂಚಿ ಹರಿದರೂ ಒಳಪುಟಗಳು ಉಳಿದಿರಬಹುದು. ಹಾಗೆಯೇ ಸೂಚಿ ಸರಿಯಿದ್ದರೂ ಒಳಪುಟ ನಾಶವಾಗಿರಬಹುದು. ಮೊದಲನೆಯ ಸ್ಥಿತಿಯಲ್ಲಿ ತಂತ್ರಾಂಶದ ನೆರವಿನಿಂದ ಮಾಹಿತಿ ಮರಳುವ ಸಾಧ್ಯತೆ ಹೆಚ್ಚು. ಎರಡನೆಯ ಸ್ಥಿತಿಯಲ್ಲಿ ಕಡಿಮೆ.

4. ಕೆಡುವ ಲಕ್ಷಣಗಳು

ಕೆಳಕಂಡ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡುಬಂದರೂ ನಿರ್ಲಕ್ಷಿಸಬಾರದು.

(ಅ) ಡಿಸ್ಕ್‌ನಿಂದ ಒಂದೇ ಲಯದಲ್ಲಿ 'ಟಕ್ ಟಕ್' ಎಂಬ ಸದ್ದು, ಕೆರೆಯುವ ಸದ್ದು ಅಥವಾ ತಿರುಗಲು ಆರಂಭಿಸಿ ಮತ್ತೆ ನಿಲ್ಲುವ ಸದ್ದು ಬರುವುದು. ಇದು ಅತ್ಯಂತ ಅಪಾಯದ ಲಕ್ಷಣ.
(ಆ) ಮೊದಲು ಕೂಡಲೇ ತೆರೆಯುತ್ತಿದ್ದ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು; ಕಡತ ನಕಲಿಸುವಾಗ ನಡುವೆ ಸ್ಥಗಿತಗೊಳ್ಳುವುದು.
(ಇ) ಕಡತಗಳ ಹೆಸರು ವಿಚಿತ್ರ ಅಕ್ಷರಗಳಾಗಿ ಬದಲಾಗುವುದು. ತೆರೆದಾಗ ಕಡತ ಹಾಳಾಗಿದೆ ಎಂಬ ಸಂದೇಶ ಬರುವುದು. ಛಾಯಾಚಿತ್ರದ ಅರ್ಧಭಾಗ ಬೂದು ಬಣ್ಣವಾಗುವುದು.
(ಈ) ಗಣಕಯಂತ್ರ ಆರಂಭವಾಗುವಾಗ ಪದೇ ಪದೇ ಡಿಸ್ಕ್ ಪರಿಶೀಲನೆ ನಡೆಯುವುದು, ನೀಲಿ ಪರದೆ ಕಾಣಿಸುವುದು ಅಥವಾ ಡಿಸ್ಕ್ ಇಲ್ಲವೆಂಬ ಸಂದೇಶ ಬರುವುದು.
(ಉ) ಆರಂಭದಲ್ಲಿಯೇ 'ಸ್ಮಾರ್ಟ್' ದೋಷದ ಎಚ್ಚರಿಕೆ ಪರದೆಯ ಮೇಲೆ ಮೂಡುವುದು.

ಈ ಲಕ್ಷಣಗಳಲ್ಲಿ ಕೆಲವು ಬೇರೆ ಕಾರಣಗಳಿಂದಲೂ ಉಂಟಾಗಬಹುದು. ಸಡಿಲಗೊಂಡ ಕೇಬಲ್, ದುರ್ಬಲ ವಿದ್ಯುತ್ ಪೂರೈಕೆ ಘಟಕ, ದೋಷಯುಕ್ತ ಮೆಮೊರಿ, ವೈರಸ್ ಹಾಗೂ ಪೂರ್ತಿ ತುಂಬಿದ ಡಿಸ್ಕ್ ಅಂತಹ ಕಾರಣಗಳು. ಆದರೂ ಕಾರಣ ಖಚಿತವಾಗುವವರೆಗೆ ಡಿಸ್ಕ್ ಕೆಡುತ್ತಿದೆ ಎಂದೇ ಭಾವಿಸಿ, ಮೊದಲು ಪ್ರತಿ ಮಾಡಿಕೊಳ್ಳುವುದು ಲೇಸು. ಊಹೆ ತಪ್ಪಾದರೆ ಹೋಗುವುದು ಒಂದೆರಡು ಗಂಟೆ ಮಾತ್ರ.

5. 'ಸ್ಮಾರ್ಟ್' ವರದಿಯನ್ನು ಓದುವ ಬಗೆ

ಇಂದಿನ ಹಾರ್ಡ್ ಡಿಸ್ಕ್‌ಗಳು ತಮ್ಮ ಆರೋಗ್ಯದ ವಿವರಗಳನ್ನು ತಾವೇ ದಾಖಲಿಸಿಕೊಳ್ಳುತ್ತವೆ. ಈ ವ್ಯವಸ್ಥೆಗೆ 'ಸ್ಮಾರ್ಟ್' ಎಂದು ಹೆಸರು. ವಿಂಡೋಸ್ ಗಣಕಯಂತ್ರಗಳಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶಗಳ ಮೂಲಕ ಇದನ್ನು ನೋಡಬಹುದು. ಗಮನಿಸಬೇಕಾದ ಮುಖ್ಯ ಅಂಶಗಳು ಇಂತಿವೆ.

ಅಂಶ 5: ಕೆಟ್ಟುಹೋಗಿ, ಮೀಸಲು ಜಾಗಕ್ಕೆ ಬದಲಾಯಿಸಲ್ಪಟ್ಟ ಸೆಕ್ಟರ್‌ಗಳ ಸಂಖ್ಯೆ.
ಅಂಶ 187: ಸರಿಪಡಿಸಲಾಗದೆ ವರದಿಯಾದ ದೋಷಗಳ ಸಂಖ್ಯೆ.
ಅಂಶ 197: ಓದಲು ಕಷ್ಟವಾಗಿ, ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳ ಸಂಖ್ಯೆ.
ಅಂಶ 198: ಪರಿಶೀಲನೆಯ ವೇಳೆ ಓದಲಾಗದೆಂದು ಕಂಡುಬಂದ ಸೆಕ್ಟರ್‌ಗಳ ಸಂಖ್ಯೆ.
ಅಂಶ 199: ಡಿಸ್ಕ್ ಮತ್ತು ಗಣಕಯಂತ್ರದ ನಡುವಿನ ಸಾಗಣೆಯಲ್ಲಿ ಆದ ದೋಷಗಳ ಸಂಖ್ಯೆ.

ಮೊದಲ ನಾಲ್ಕು ಅಂಶಗಳ ಮೂಲ ಸಂಖ್ಯೆ ಸೊನ್ನೆ ಇರಬೇಕು. ಸೊನ್ನೆಗಿಂತ ಹೆಚ್ಚಾಗಿದ್ದು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕನ್ನು ಬದಲಾಯಿಸುವುದೇ ಸರಿ. ಐದನೆಯದಾದ 199 ಮಾತ್ರ ಏರುತ್ತಿದ್ದರೆ ದೋಷ ಬಹುಮಟ್ಟಿಗೆ ಕೇಬಲ್‌ನದ್ದಾಗಿರುತ್ತದೆ. ಹೊಸ ಕೇಬಲ್ ಹಾಕಿ ನೋಡಬಹುದು.

ಗೂಗಲ್ ಸಂಸ್ಥೆಯ ತಂತ್ರಜ್ಞರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ 2007ರಲ್ಲಿ ವರದಿ ಪ್ರಕಟಿಸಿದರು. ಮೇಲ್ಮೈ ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚು ಎಂಬುದು ಅದರಿಂದ ತಿಳಿದುಬಂತು. ಅದೇ ವರದಿಯ ಇನ್ನೊಂದು ಅಂಶವೂ ಮುಖ್ಯವಾದುದು. ಕೆಟ್ಟ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು 'ಸ್ಮಾರ್ಟ್'ನ ಪ್ರಬಲ ಸೂಚಕಗಳಲ್ಲಿ ಯಾವ ಎಚ್ಚರಿಕೆಯನ್ನೂ ತೋರದೆ ಕೆಟ್ಟಿದ್ದವು. ಅಂದರೆ ವರದಿ ಕೆಟ್ಟದ್ದೆಂದು ಹೇಳಿದರೆ ನಂಬಬೇಕು. ಚೆನ್ನಾಗಿದೆ ಎಂದು ಹೇಳಿದರೆ ಅದನ್ನೇ ನಂಬಿ ಕೂರಬಾರದು.

6. ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

6.1 ಅಸಹಜ ಸದ್ದು ಬರುತ್ತಿದ್ದಲ್ಲಿ, ಡಿಸ್ಕ್ ಕೆಳಗೆ ಬಿದ್ದಿದ್ದಲ್ಲಿ ಅಥವಾ ನೀರು ತಗುಲಿದ್ದಲ್ಲಿ ಗಣಕಯಂತ್ರವನ್ನು ಆರಿಸಿ, ಮತ್ತೆ ಚಾಲೂ ಮಾಡಬಾರದು. 'ಇನ್ನೊಮ್ಮೆ ನೋಡೋಣ' ಎಂದು ಪ್ರತಿ ಬಾರಿ ಚಾಲೂ ಮಾಡಿದಾಗಲೂ ಹೆಡ್ ತಟ್ಟೆಯನ್ನು ಕೆರೆಯುವ ಅಪಾಯವಿದೆ. ಒಳಗಿನ ಮಾಹಿತಿ ಅಗತ್ಯವಿದ್ದಲ್ಲಿ ನೇರವಾಗಿ ಕಂಡಿಕೆ 8ರಲ್ಲಿ ಹೇಳಿರುವ ಕ್ರಮ ಅನುಸರಿಸಬೇಕು.

6.2 ಸದ್ದಿಲ್ಲದೆ ಕೇವಲ ನಿಧಾನಗತಿ ಅಥವಾ ದೋಷ ಸಂದೇಶ ಕಂಡುಬಂದಿದ್ದಲ್ಲಿ, ಬೇರೆ ಎಲ್ಲ ಕೆಲಸ ನಿಲ್ಲಿಸಿ ಪ್ರತಿ ಮಾಡಿಕೊಳ್ಳಬೇಕು. ಸದರಿ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬಾರದು, ಹೊಸ ತಂತ್ರಾಂಶ ಅಳವಡಿಸಬಾರದು.

6.3 ಪ್ರತಿ ಮಾಡಿಕೊಳ್ಳುವ ಮೊದಲು 'ಚೆಕ್ ಡಿಸ್ಕ್', ಡಿಫ್ರಾಗ್, ಫಾರ್ಮ್ಯಾಟ್ ಇವುಗಳನ್ನು ನಡೆಸಬಾರದು. ಇವು ಡಿಸ್ಕ್‌ಗೆ ಹೆಚ್ಚಿನ ಶ್ರಮ ನೀಡುವುದಲ್ಲದೆ, ಉಳಿದಿರುವ ಪುಟಸೂಚಿಯನ್ನೂ ಬದಲಾಯಿಸಿಬಿಡಬಹುದು.

6.4 ಸಮಯದ ಅಂದಾಜು ಇರಲಿ. ಆರೋಗ್ಯವಂತ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ನಕಲಾದರೆ 1 ಟೆರಾಬೈಟ್‌ಗೆ ಸುಮಾರು 3 ಗಂಟೆ ಬೇಕು. ಕೆಡುತ್ತಿರುವ ಡಿಸ್ಕಿನ ವೇಗ ಸೆಕೆಂಡಿಗೆ 1 ಮೆಗಾಬೈಟ್‌ಗೆ ಇಳಿದರೆ ಅಷ್ಟೇ ಮಾಹಿತಿಗೆ 11 ದಿನಗಳಿಗೂ ಹೆಚ್ಚು ಬೇಕಾಗುತ್ತದೆ. ಡಿಸ್ಕ್ ಅಷ್ಟು ದಿನ ಬಾಳುವ ಭರವಸೆ ಇರುವುದಿಲ್ಲ. ಆದಕಾರಣ ಇಡೀ ಡಿಸ್ಕನ್ನು ಒಮ್ಮೆಲೇ ನಕಲಿಸಲು ಹೋಗದೆ, ಮುಂದಿನ ಕಂಡಿಕೆಯ ಅನುಕ್ರಮದಂತೆ ಮುಖ್ಯವಾದವುಗಳನ್ನು ಮೊದಲು ತೆಗೆದುಕೊಳ್ಳಬೇಕು.

6.5 ಗಣಕಯಂತ್ರದ ತಿಳಿವಳಿಕೆ ಇರುವವರು ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಬಹುದು. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ನಕಲಿಸಿ, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ನಡುವೆ ವಿದ್ಯುತ್ ಹೋದರೆ ನಿಂತಲ್ಲಿಂದ ಮುಂದುವರಿಸುವ ಅನುಕೂಲವೂ ಇದೆ. ಮೂಲ ಡಿಸ್ಕ್ ಮತ್ತು ಹೊಸ ಡಿಸ್ಕ್ ಯಾವುದೆಂದು ಎರಡು ಬಾರಿ ಖಚಿತಪಡಿಸಿಕೊಳ್ಳಬೇಕು. ಅದಲು ಬದಲಾದರೆ ಇರುವ ಮಾಹಿತಿಯೂ ಅಳಿಯುತ್ತದೆ.

7. ಯಾವುದನ್ನು ಮೊದಲು ಉಳಿಸಿಕೊಳ್ಳಬೇಕು

ಮೊದಲನೆಯ ವರ್ಗ, ಬೇರೆಲ್ಲಿಯೂ ಸಿಗದವು: ಕುಟುಂಬದ ಛಾಯಾಚಿತ್ರಗಳು, ತೀರಿಕೊಂಡವರ ಧ್ವನಿಮುದ್ರಣ, ಮೂಲ ಕಾಗದ ಕಳೆದುಹೋದ ಹಳೆಯ ಪತ್ರಗಳ ಸ್ಕ್ಯಾನ್, ನೋಂದಣಿಯಾಗದ ಕರಾರುಗಳು, ಅಂಗಡಿಯ ಲೆಕ್ಕಪತ್ರ. ಇವುಗಳನ್ನು ಯಾವ ಕಚೇರಿಯೂ ಮತ್ತೆ ಕೊಡಲಾರದು.

ಎರಡನೆಯ ವರ್ಗ, ಸಮಯ ಮಿತಿ ಇರುವವು: ಸಲ್ಲಿಸಬೇಕಾದ ಅರ್ಜಿಯ ಅಡಕಗಳು, ಸ್ವೀಕೃತಿ ಪತ್ರಗಳು, ಹಣ ಪಾವತಿ ರಸೀದಿಗಳು.

ಮೂರನೆಯ ವರ್ಗ, ಸಂಬಂಧಿಸಿದ ಇಲಾಖೆಯಿಂದ ಮರಳಿ ಪಡೆಯಬಹುದಾದವು: ಪಹಣಿ, ಋಣಭಾರ ಪತ್ರ, ನೋಂದಾಯಿತ ದಸ್ತಾವೇಜಿನ ದೃಢೀಕೃತ ನಕಲು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್.

ನಾಲ್ಕನೆಯ ವರ್ಗ, ಮರೆಯಬಹುದಾದವು: ಚಲನಚಿತ್ರಗಳು, ತಂತ್ರಾಂಶಗಳು, ವಿಂಡೋಸ್ ವ್ಯವಸ್ಥೆಯ ಕಡತಗಳು.

ಬೈರಿದೇವರಕೊಪ್ಪದಂತಹ ಪ್ರದೇಶದಲ್ಲಿ ಈ ವಿಂಗಡಣೆಗೆ ವಿಶೇಷ ಮಹತ್ವವಿದೆ. ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಸಾರಿಗೆ ಯೋಜನೆಗಾಗಿ ಈ ಭಾಗದಲ್ಲಿ ರಸ್ತೆ ಅಗಲೀಕರಣಗೊಂಡಿದ್ದು, ರಸ್ತೆಯಂಚಿನ ಆಸ್ತಿಗಳ ಅಳತೆ ಹಾಗೂ ಸ್ವರೂಪ ಬದಲಾಗಿವೆ. ಅಗಲೀಕರಣಕ್ಕೆ ಮೊದಲಿನ ಕಟ್ಟಡದ ಛಾಯಾಚಿತ್ರ, ಖಾಸಗಿಯಾಗಿ ಮಾಡಿಸಿದ ನಕ್ಷೆ ಮೊದಲಾದವು ಮಾಲೀಕರ ಬಳಿ ಮಾತ್ರ ಇರುವ ಸಂಭವವಿದ್ದು, ಅವುಗಳನ್ನು ಮೊದಲನೆಯ ವರ್ಗದಲ್ಲಿಯೇ ಪರಿಗಣಿಸತಕ್ಕದ್ದು.

8. ಮಾಹಿತಿ ಮರುಪಡೆಯುವವರಿಗೆ ಡಿಸ್ಕ್ ನೀಡುವಾಗ

ಡಿಸ್ಕಿನ ಒಳಭಾಗಗಳು ಕೆಟ್ಟಿದ್ದಲ್ಲಿ ಅದನ್ನು ಧೂಳುರಹಿತ ಕೋಣೆಯಲ್ಲಿ ಮಾತ್ರ ತೆರೆಯಬೇಕಾಗುತ್ತದೆ. ಮನೆಯಲ್ಲಿ ಅಥವಾ ಸಾಮಾನ್ಯ ದುರಸ್ತಿ ಅಂಗಡಿಯಲ್ಲಿ ಮುಚ್ಚಳ ತೆರೆದರೆ ಒಂದು ಧೂಳಿನ ಕಣವೂ ಹೆಡ್‌ಗೆ ಅಡ್ಡ ಬರುವಷ್ಟು ದೊಡ್ಡದಾಗಿರುತ್ತದೆ. ಡಿಸ್ಕ್ ಒಪ್ಪಿಸುವ ಮೊದಲು ಕೆಳಕಂಡ ಅಂಶಗಳನ್ನು ಪಾಲಿಸುವುದು ಸೂಕ್ತ.

(ಅ) ಡಿಸ್ಕಿನ ಕ್ರಮಸಂಖ್ಯೆ ಬರೆದಿಟ್ಟುಕೊಂಡು, ಅದೇ ಸಂಖ್ಯೆ ನಮೂದಿಸಿದ ರಸೀದಿ ಪಡೆಯಬೇಕು.
(ಆ) ಪರೀಕ್ಷಾ ಶುಲ್ಕ, ಮರುಪಡೆಯುವ ಶುಲ್ಕ ಹಾಗೂ ಮಾಹಿತಿ ಸಿಗದಿದ್ದಲ್ಲಿ ಕೊಡಬೇಕಾದ ಮೊತ್ತವನ್ನು ಮುಂಚಿತವಾಗಿ ಬರವಣಿಗೆಯಲ್ಲಿ ಪಡೆಯಬೇಕು.
(ಇ) ಮುಖ್ಯ ಕಡತಗಳ ಹೆಸರು ಹಾಗೂ ಫೋಲ್ಡರ್‌ಗಳ ಪಟ್ಟಿ ನೀಡಬೇಕು.
(ಈ) ಮೂಲ ಡಿಸ್ಕನ್ನು ಹಿಂದಿರುಗಿಸುವಂತೆ ಷರತ್ತು ಹಾಕಬೇಕು.
(ಉ) ಡಿಸ್ಕ್‌ಗೆ ಬಿಟ್‌ಲಾಕರ್‌ನಂತಹ ಗೂಢಲಿಪಿ ರಕ್ಷಣೆ ಇದ್ದಲ್ಲಿ ಮರುಪ್ರಾಪ್ತಿ ಕೀಲಿ ಸಂಖ್ಯೆ ಬೇಕಾಗುತ್ತದೆ. ಆ ಕೀಲಿಯಿಲ್ಲದೆ, ಡಿಸ್ಕ್ ದುರಸ್ತಿಯಾದರೂ ಮಾಹಿತಿ ಓದಲಾಗದು.
(ಊ) ಬ್ರೌಸರ್‌ನಲ್ಲಿ ಉಳಿಸಿದ ಬ್ಯಾಂಕ್ ಹಾಗೂ ಇ-ಮೇಲ್ ಗುಪ್ತಪದಗಳನ್ನು ಬೇರೆ ಸಾಧನದಿಂದ ಕೂಡಲೇ ಬದಲಾಯಿಸಬೇಕು.

ವಾರಂಟಿ ಅವಧಿಯೊಳಗೆ ಕೆಟ್ಟ ಡಿಸ್ಕಿಗೆ ಪ್ರತಿಯಾಗಿ ತಯಾರಕರು ಬೇರೆ ಡಿಸ್ಕ್ ನೀಡುತ್ತಾರೆ. ಸಾಮಾನ್ಯ ವಾರಂಟಿಯು ಡಿಸ್ಕಿಗೆ ಅನ್ವಯಿಸುತ್ತದೆಯೇ ಹೊರತು ಅದರೊಳಗಿನ ಮಾಹಿತಿಗೆ ಅಲ್ಲ. ಮಾಹಿತಿ ಬೇಕಿದ್ದಲ್ಲಿ ಡಿಸ್ಕ್ ಮರಳಿಸುವ ಮೊದಲೇ ಅದನ್ನು ತೆಗೆಸಿಕೊಳ್ಳಬೇಕು.

9. ಎಸ್.ಎಸ್.ಡಿ. ಬಳಸುವವರಿಗೆ

ಇತ್ತೀಚಿನ ಗಣಕಯಂತ್ರಗಳಲ್ಲಿ ತಿರುಗುವ ತಟ್ಟೆಗಳಿಲ್ಲದ ಎಸ್.ಎಸ್.ಡಿ. ಇರುತ್ತದೆ. ಅದು ಬಿದ್ದರೂ ಸುಲಭವಾಗಿ ಕೆಡದು, ಸದ್ದೂ ಮಾಡದು. ಆದರೆ ಕೆಡುವಾಗ ಹಲವು ಬಾರಿ ಮುನ್ಸೂಚನೆ ಇಲ್ಲದೆ ಒಮ್ಮೆಲೇ ಕಾಣೆಯಾಗುತ್ತದೆ. ಕೆಲವು ಓದಲು ಮಾತ್ರ ಅವಕಾಶ ನೀಡಿ ಬರೆಯಲು ನಿರಾಕರಿಸುತ್ತವೆ. ಅಂತಹ ಸ್ಥಿತಿಯಲ್ಲಿ ಕೂಡಲೇ ಪ್ರತಿ ಮಾಡಿಕೊಳ್ಳಬೇಕು. ಅದರಿಂದ ಅಳಿಸಿದ ಕಡತವನ್ನು ಮರಳಿ ಪಡೆಯುವುದು ಹಾರ್ಡ್ ಡಿಸ್ಕಿಗಿಂತ ಬಹಳ ಕಷ್ಟ. ಪೆನ್ ಡ್ರೈವ್‌ಗಳನ್ನು ಸಾಗಣೆಗೆ ಮಾತ್ರ ಬಳಸಬೇಕೇ ಹೊರತು ಏಕೈಕ ಪ್ರತಿಯಾಗಿ ಇಡಬಾರದು.

10. ಕಳೆದುಹೋದ ದಾಖಲೆಗಳನ್ನು ಮರಳಿ ಪಡೆಯುವುದು

ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ, ಋಣಭಾರ ಪತ್ರ ಹಾಗೂ ನೋಂದಾಯಿತ ಪತ್ರದ ದೃಢೀಕೃತ ನಕಲನ್ನು ನೋಂದಣಿ ಮತ್ತು ಮುದ್ರಾಂಕ ಇಲಾಖೆಯಿಂದ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆಯಬಹುದು. ಇದಕ್ಕೆ ಸರ್ವೆ ನಂಬರ್, ದಸ್ತಾವೇಜು ಸಂಖ್ಯೆ ಮತ್ತು ವರ್ಷ ಅಥವಾ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಗೊತ್ತಿರಬೇಕು. ಈ ಸಂಖ್ಯೆಗಳನ್ನು ಒಂದು ವಹಿಯಲ್ಲಿ ಕೈಯಿಂದ ಬರೆದಿಡುವುದು ಅತ್ಯಂತ ಅಗ್ಗದ ರಕ್ಷಣೆ. ಸಕಾಲ ಸೇವೆಗಳ ಅರ್ಜಿಗೆ ನೀಡುವ ಜಿ.ಎಸ್.ಸಿ. ಸಂಖ್ಯೆಯನ್ನೂ ಅದೇ ವಹಿಯಲ್ಲಿ ನಮೂದಿಸಿಕೊಳ್ಳಬೇಕು. ಸ್ವೀಕೃತಿ ಪತ್ರ ಕಳೆದರೂ ಆ ಸಂಖ್ಯೆಯಿಂದ ಅರ್ಜಿಯ ಸ್ಥಿತಿ ತಿಳಿಯಬಹುದು.

2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಡಿಜಿಲಾಕರ್‌ನಲ್ಲಿ, ದಾಖಲೆ ನೀಡುವ ಸಂಸ್ಥೆಯೇ ನೇರವಾಗಿ ಒದಗಿಸಿದ ದಾಖಲೆಗಳಿಗೆ ಮಾಹಿತಿ ತಂತ್ರಜ್ಞಾನ ನಿಯಮಗಳಡಿ ಮೂಲ ದಾಖಲೆಗೆ ಸಮನಾದ ಮಾನ್ಯತೆ ಇದೆ. ನಾಗರಿಕರು ತಾವೇ ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಗಳಿಗೆ ಈ ಮಾನ್ಯತೆ ಇರುವುದಿಲ್ಲ; ಅವು ಸುರಕ್ಷತೆಗೆ ಮಾತ್ರ ಉಪಯುಕ್ತ.

11. ಮೀಸಲು ಪ್ರತಿ ಇಡುವ ಕ್ರಮ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಸ್ಥಳದಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಉದಾಹರಣೆಗೆ, ಬೈರಿದೇವರಕೊಪ್ಪದ ಮನೆಯ ಗಣಕಯಂತ್ರದಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಅಂತರ್ಜಾಲದ ಸಂಗ್ರಹದಲ್ಲಿ ಅಥವಾ ಧಾರವಾಡದ ಬಂಧುಗಳ ಮನೆಯಲ್ಲಿ ಒಂದು. ಹೊರಗಿನ ಡಿಸ್ಕನ್ನು ಕೆಲಸ ಮುಗಿದ ಮೇಲೆ ಬಿಚ್ಚಿಡಬೇಕು. ಸದಾ ಜೋಡಿಸಿಟ್ಟರೆ ಸಿಡಿಲು ಅಥವಾ ವೈರಸ್ ಎರಡು ಪ್ರತಿಗಳನ್ನೂ ಒಟ್ಟಿಗೆ ಹಾಳುಮಾಡಬಹುದು. ತಿಂಗಳಿಗೊಮ್ಮೆ ಮೀಸಲು ಪ್ರತಿಯಿಂದ ಒಂದೆರಡು ಕಡತ ತೆರೆದು ನೋಡಬೇಕು. ತೆರೆದು ನೋಡದ ಪ್ರತಿ, ತಾಳೆ ನೋಡದ ಲೆಕ್ಕದಂತೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ದಿನಗಳಲ್ಲಿ ವಿದ್ಯುತ್ ಹಠಾತ್ತನೆ ಹೋಗಿ ಬರುವುದರಿಂದ ಯು.ಪಿ.ಎಸ್. ಬಳಸುವುದು ಹಾಗೂ ಗುಡುಗಿನ ವೇಳೆ ಪ್ಲಗ್ ಕಳಚಿಡುವುದು ಒಳ್ಳೆಯದು.

12. ಹಳೆಯ ಡಿಸ್ಕಿನ ವಿಲೇವಾರಿ

ಕೆಟ್ಟ ಡಿಸ್ಕ್‌ನಲ್ಲಿಯೂ ಮಾಹಿತಿ ಉಳಿದಿರುತ್ತದೆ. ಗುಜರಿಗೆ ಹಾಕುವ ಮೊದಲು, ಡಿಸ್ಕ್ ಚಾಲನೆಯಲ್ಲಿದ್ದರೆ ಇಡೀ ಡಿಸ್ಕಿನ ಮೇಲೆ ತಿದ್ದಿ ಬರೆಯುವ ತಂತ್ರಾಂಶದಿಂದ ಅಳಿಸಬೇಕು. ಇಲ್ಲದಿದ್ದಲ್ಲಿ ತಟ್ಟೆಗಳನ್ನು ನಿರುಪಯುಕ್ತಗೊಳಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಆಶಯದಂತೆ ಇದನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಮನೆಯ ಕಸದೊಂದಿಗೆ ಹಾಕಬಾರದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಡಿಸ್ಕನ್ನು ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ?
ಉತ್ತರ: ಇಲ್ಲ. ತಂಪಾದ ಡಿಸ್ಕ್ ಹೊರಬಂದಾಗ ಒಳಗೆ ತೇವ ಕಟ್ಟಿ ಹಾನಿ ಹೆಚ್ಚುತ್ತದೆ.

ಪ್ರಶ್ನೆ: ಫಾರ್ಮ್ಯಾಟ್ ಮಾಡಿದರೆ ಡಿಸ್ಕ್ ಮತ್ತೆ ಚೆನ್ನಾಗುವುದೇ?
ಉತ್ತರ: ಪುಟಸೂಚಿಯ ದೋಷ ಮಾತ್ರವಿದ್ದರೆ ಬಳಸಲು ಬರಬಹುದು. ಮೇಲ್ಮೈ ಅಥವಾ ಹೆಡ್ ಕೆಟ್ಟಿದ್ದರೆ ಅದು ಸರಿಹೋಗದು. ಅಂತಹ ಡಿಸ್ಕಿನಲ್ಲಿ ಮತ್ತೆ ಮುಖ್ಯ ದಾಖಲೆ ಇಡಬಾರದು.

ಪ್ರಶ್ನೆ: ಹೊಸ ಡಿಸ್ಕಿಗೆ ನಕಲಿಸಿದ ಹಳೆಯ ಕನ್ನಡ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಅವು ಹಾಳಾಗಿವೆಯೇ?
ಉತ್ತರ: ಹಾಗೇನೂ ಇರಬೇಕಿಲ್ಲ. ಹಿಂದೆ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಕಡತಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗೆ ಕಾಣುತ್ತವೆ. ಸಂಬಂಧಿಸಿದ ಫಾಂಟ್ ಅಳವಡಿಸಿದರೆ ಅಥವಾ ಯೂನಿಕೋಡ್‌ಗೆ ಪರಿವರ್ತಿಸಿದರೆ ಓದಬಹುದು. ಗಾಬರಿಯಿಂದ ಅಳಿಸಬಾರದು.

ಪ್ರಶ್ನೆ: ಡಿಸ್ಕ್ ಕೆಟ್ಟ ಕಾರಣ ಅರ್ಜಿಯ ಕೊನೆಯ ದಿನಾಂಕ ಮುಂದೂಡಲಾಗುವುದೇ?
ಉತ್ತರ: ಡಿಸ್ಕ್ ಕೆಟ್ಟ ಮಾತ್ರಕ್ಕೆ ವಿನಾಯಿತಿ ದೊರೆಯುವುದೆಂದು ಭಾವಿಸಬಾರದು. ಮೂಲ ಕಾಗದಗಳಿದ್ದಲ್ಲಿ ಅದೇ ದಿನ ಮತ್ತೆ ಸ್ಕ್ಯಾನ್ ಮಾಡಿಸಿ ಸಮೀಪದ ಸೇವಾ ಕೇಂದ್ರದ ಮೂಲಕ ಅರ್ಜಿ ಸಲ್ಲಿಸುವುದು, ಡಿಸ್ಕ್ ದುರಸ್ತಿಗೆ ಕಾಯುವುದಕ್ಕಿಂತ ಉತ್ತಮ.

ಪ್ರಶ್ನೆ: ಸ್ಕ್ಯಾನ್ ಪ್ರತಿ ಇರುವುದರಿಂದ ಮೂಲ ಕಾಗದವನ್ನು ಇಡಬೇಕಾಗಿಲ್ಲವೇ?
ಉತ್ತರ: ಇಡಲೇಬೇಕು. ಪರಿಶೀಲನೆಯ ವೇಳೆ ಮೂಲ ದಾಖಲೆ ಕೇಳಲಾಗುತ್ತದೆ.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಿದವುಗಳಾಗಿದ್ದು, ಇಲ್ಲಿ ಹೆಸರಿಸಿದ ತಂತ್ರಾಂಶಗಳನ್ನು ಬಳಸುವವರು ತಮ್ಮ ಜವಾಬ್ದಾರಿಯಲ್ಲಿ ಬಳಸತಕ್ಕದ್ದು. ಸೇವೆಗಳ ಶುಲ್ಕ, ಅವಧಿ ಹಾಗೂ ಅಡಕಗಳ ವಿವರಗಳಿಗೆ ಸಂಬಂಧಿಸಿದ ಇಲಾಖೆಯನ್ನು ಅಥವಾ ಸಮೀಪದ ಸೇವಾ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.